ನಕ್ಷೆಯ ಗೆರೆಗೆ ದಪ್ಪ ಎಷ್ಟು?

ಒಂದು ಕಾಗದದ ನಕ್ಷೆ ತೆಗೆದುಕೊಳ್ಳಿ. ಅದರ ಸ್ಕೇಲ್ 1:50,000. ಅಂದರೆ ನಕ್ಷೆಯ ಮೇಲಿನ ಒಂದು ಮಿಲಿಮೀಟರ್ ನೆಲದ ಮೇಲೆ 50 ಮೀಟರ್. ಅದರಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಒಂದು ಗೆರೆ ಇದೆ ಅಂದುಕೊಳ್ಳಿ. ಕಾಡಿನ ಗಡಿ ಇರಬಹುದು, ಪ್ರವಾಹ ಬರುವ ಜಾಗದ ಅಂಚು ಇರಬಹುದು, ಎರಡು ಊರುಗಳ ನಡುವಿನ ಎಲ್ಲೆ ಇರಬಹುದು. ಆ ಗೆರೆಯ ದಪ್ಪವೇ ನೆಲದ ಮೇಲೆ 25 ಮೀಟರ್ ಆಗುತ್ತದೆ. ಅಷ್ಟು ಜಾಗದಲ್ಲಿ ಅಕ್ಕಪಕ್ಕದ ಎರಡು ಮನೆಗಳು ಕೂತುಬಿಡುತ್ತವೆ.

ಕಾಗದದ ಕಾಲದಲ್ಲಿ ಇದರಿಂದ ಅಷ್ಟೇನೂ ತೊಂದರೆ ಇರಲಿಲ್ಲ. ಗೆರೆ ದಪ್ಪಗಿದೆ ಅನ್ನುವುದು ಕಣ್ಣಿಗೇ ಕಾಣುತ್ತಿತ್ತು. ತಕರಾರು ಬಂದರೆ ಸರ್ವೆಯವರು ಸರಪಳಿ ಹಿಡಿದು ಜಾಗಕ್ಕೇ ಹೋಗಿ ಅಳೆಯಬೇಕಿತ್ತು. ಈಗ ಅದೇ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಗೆರೆಯ ಮೇಲೆ ಮೌಸ್ ಓಡಿಸಿ, ಕಂಪ್ಯೂಟರಿಗೆ ಹಾಕುತ್ತಾರೆ. ಪರದೆಯ ಮೇಲೆ ಜೂಮ್ ಮಾಡುತ್ತಾ ಹೋಗಿ ನೋಡಿ. ಗೆರೆ ದಪ್ಪವಾಗುವುದೇ ಇಲ್ಲ. ಎಷ್ಟು ಹತ್ತಿರ ಹೋದರೂ ಕೂದಲೆಳೆಯಷ್ಟೇ ತೆಳ್ಳಗೆ ಇರುತ್ತದೆ. ಯಾರದೋ ಮನೆಯ ಅಡುಗೆಕೋಣೆಯ ನಟ್ಟನಡುವೆ ಹಾದುಹೋಗುವುದೂ ಕಾಣುತ್ತದೆ. ನೋಡಿದವರಿಗೆ ಎಷ್ಟು ಕರಾರುವಾಕ್ಕಾಗಿದೆ ಅನ್ನಿಸುತ್ತದೆ. ಆದರೆ ಆ 25 ಮೀಟರಿನ ಅನುಮಾನ ಎಲ್ಲಿಗೂ ಹೋಗಿಲ್ಲ, ಕಣ್ಣಿಗೆ ಕಾಣದಂತಾಗಿದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಇವತ್ತು ಸರ್ಕಾರಿ ಕಚೇರಿಗಳು ಇಂಥ ಗೆರೆಗಳನ್ನು ನೋಡಿಯೇ ಬಹಳಷ್ಟು ತೀರ್ಮಾನ ಮಾಡುತ್ತವೆ. ಯಾವ ಮನೆ ಪ್ರವಾಹದ ಜಾಗದಲ್ಲಿದೆ, ಯಾವ ಆಸ್ತಿಗೆ ಎಷ್ಟು ತೆರಿಗೆ, ಆಂಬುಲೆನ್ಸ್ ಎಲ್ಲಿ ನಿಂತಿರಬೇಕು, ಯಾವ ಕಾಡಿನಲ್ಲಿ ಮರ ಕಡಿಯುವಂತಿಲ್ಲ, ಯಾರು ಯಾವ ಕ್ಷೇತ್ರದಲ್ಲಿ ಮತ ಹಾಕಬೇಕು. ಇದಕ್ಕೆಲ್ಲ ಬಳಸುವ ತಂತ್ರಜ್ಞಾನವೇ ಜಿಐಎಸ್, ಅಂದರೆ ಭೌಗೋಳಿಕ ಮಾಹಿತಿ ವ್ಯವಸ್ಥೆ. ಇದರಿಂದ ಆಗಿರುವ ಒಳ್ಳೆಯದು ತುಂಬಾ ಇದೆ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಗೆರೆಗೊಂದು ದಪ್ಪ ಇತ್ತು ಅನ್ನುವುದನ್ನು ಕಚೇರಿ ಮರೆತಾಗ ಜನರಿಗೆ ಏನಾಗುತ್ತದೆ? ಅದರ ಬಗ್ಗೆ ನಾವು ಮಾತಾಡುವುದು ತೀರಾ ಕಡಿಮೆ.

ಪದರದ ಮೇಲೆ ಪದರ

ಜಿಐಎಸ್ ಹುಟ್ಟಿದ್ದೇ ಸರ್ಕಾರಿ ಕೆಲಸಕ್ಕಾಗಿ. 1960ರ ದಶಕದಲ್ಲಿ ಕೆನಡಾ ಸರ್ಕಾರ ತನ್ನ ನೆಲದ ಗುಣ ಏನು ಅಂತ ಲೆಕ್ಕ ಹಾಕಲು ಹೊರಟಿತ್ತು. ಎಲ್ಲಿ ಬೇಸಾಯ ಆಗುತ್ತದೆ, ಎಲ್ಲಿ ಕಾಡು ಬೆಳೆಸಬಹುದು, ಎಲ್ಲಿ ಕಾಡುಪ್ರಾಣಿಗಳಿಗೆ ಒಳ್ಳೆಯ ಜಾಗ ಇದೆ ಅನ್ನುವುದಕ್ಕೆ ಬೇರೆ ಬೇರೆ ನಕ್ಷೆಗಳು. ಆದರೆ ಪ್ರಶ್ನೆಗಳು ಒಂದು ನಕ್ಷೆಗೆ ನಿಲ್ಲುವುದಿಲ್ಲ ಅಲ್ವಾ? ಬೇಸಾಯಕ್ಕೆ ಒಳ್ಳೆಯದಾದ ನೆಲದಲ್ಲಿ ಎಷ್ಟು ಭಾಗ ಈಗ ಕಾಡಾಗಿದೆ ಅಂತ ತಿಳಿಯಬೇಕಾದರೆ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಅಷ್ಟು ದೊಡ್ಡ ದೇಶಕ್ಕೆ ಅದನ್ನು ಕೈಯಲ್ಲಿ ಮಾಡುವುದು ಆಗದ ಮಾತು.

ರೋಜರ್ ಟಾಮ್ಲಿನ್ಸನ್ ಎಂಬ ಭೂಗೋಳ ತಜ್ಞರಿಗೆ ಈ ಕಷ್ಟ ಮೊದಲೇ ಗೊತ್ತಿತ್ತು. ಪೂರ್ವ ಆಫ್ರಿಕಾದಲ್ಲಿ ನೆಡುತೋಪಿಗೆ ಜಾಗ ಹುಡುಕುವ ಒಂದು ಕೆಲಸದಲ್ಲಿ, ನಕ್ಷೆಗಳನ್ನು ಕೈಯಿಂದ ಹೋಲಿಸುವ ಖರ್ಚೇ ತೀರಾ ಜಾಸ್ತಿ ಆಗುತ್ತದೆ ಅಂತ ಅವರು ಕಂಡಿದ್ದರು. ಗೆರೆಗಳನ್ನು ಅಂಕಿಗಳಾಗಿ ಬದಲಿಸಿ ಕಂಪ್ಯೂಟರಿಗೇ ಈ ಹೋಲಿಕೆ ಒಪ್ಪಿಸಬಹುದು ಅನ್ನುವುದು ಅವರ ಯೋಚನೆ. ಅದರಿಂದ ಬಂದದ್ದೇ ಕೆನಡಾದ ಭೌಗೋಳಿಕ ಮಾಹಿತಿ ವ್ಯವಸ್ಥೆ. ಈ ತಂತ್ರಕ್ಕೆ ಹೆಸರು ಬಂದದ್ದೂ ಅಲ್ಲಿಂದಲೇ.

ಮೂಲ ಉಪಾಯ ಇವತ್ತಿಗೂ ಅಷ್ಟೇ ಇದೆ. ರಸ್ತೆಗಳದ್ದು ಒಂದು ಪದರ, ಮನೆಗಳದ್ದು ಇನ್ನೊಂದು, ನದಿಯದ್ದು ಮತ್ತೊಂದು. ಪ್ರತಿ ಪದರದ ಹಿಂದೆ ಒಂದು ಪಟ್ಟಿ ಇರುತ್ತದೆ. ಮನೆಯ ಮೇಲೆ ಕ್ಲಿಕ್ ಮಾಡಿದರೆ ಅದು ಕಟ್ಟಿದ ವರ್ಷ, ಅಳತೆ, ತೆರಿಗೆ ಎಲ್ಲ ಬರುತ್ತದೆ. ಪದರಗಳನ್ನು ಜೋಡಿಸುವ ಕೊಂಡಿ ಜಾಗ ಮಾತ್ರ. ಆರೋಗ್ಯ ಇಲಾಖೆಯ ಪಟ್ಟಿಗೂ ನೀರು ಸರಬರಾಜಿನ ಪಟ್ಟಿಗೂ ಬೇರೆ ಯಾವ ಸಂಬಂಧವೂ ಇಲ್ಲದಿರಬಹುದು. ಆದರೆ ಎರಡರಲ್ಲೂ ವಿಳಾಸ ಇದ್ದರೆ ಸಾಕು, ಅವು ನಕ್ಷೆಯ ಮೇಲೆ ಒಂದನ್ನೊಂದು ಭೇಟಿಯಾಗುತ್ತವೆ.

ಹೀಗೆ ಭೇಟಿ ಮಾಡಿಸಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಕಂಪ್ಯೂಟರ್ ಬರುವುದಕ್ಕೆ ನೂರು ವರ್ಷ ಮೊದಲಿನ ಉದಾಹರಣೆ ಇದೆ. 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸಾವುಗಳನ್ನು ಮನೆಮನೆಗೆ ಗುರುತಿಸಿದರು. ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಅವು ಒತ್ತೊತ್ತಾಗಿ ಬಿದ್ದಿದ್ದವು. ಅವರ ಮಾತು ಕೇಳಿ ಅಲ್ಲಿನ ಆಡಳಿತ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಸಿತು. ಅಷ್ಟು ಹೊತ್ತಿಗೆ ರೋಗ ಇಳಿಮುಖವಾಗಿತ್ತು ನಿಜ. ಆದರೂ ಸಾವಿನ ಪಟ್ಟಿ ಮತ್ತು ನೀರಿನ ಪಂಪು ಎಂಬ ಎರಡು ಪದರಗಳು ಸೇರಿ, ಎರಡರಲ್ಲೂ ಬಿಡಿಯಾಗಿ ಇಲ್ಲದ ಒಂದು ವಿಷಯವನ್ನು ತೋರಿಸಿದವು.

ಇದೇ ಕೊಂಡಿಯೇ ತಪ್ಪುಗಳೂ ನುಸುಳುವ ಜಾಗ. ವಿಳಾಸವನ್ನು ಅಕ್ಷಾಂಶ ರೇಖಾಂಶವಾಗಿ ಬದಲಿಸುವ ಕೆಲಸಕ್ಕೆ ಜಿಯೋಕೋಡಿಂಗ್ ಅನ್ನುತ್ತಾರೆ. ಮನೆ ನಂಬರ್ ಸಿಗದಿದ್ದರೆ ಸಾಫ್ಟ್‌ವೇರ್ ರಸ್ತೆಯ ನಡುವೆ ಚುಕ್ಕಿ ಇಡುತ್ತದೆ. ರಸ್ತೆಯೂ ಸಿಗದಿದ್ದರೆ ಊರಿನ ನಡುವೆ ಇಡುತ್ತದೆ. ಊರೂ ಸಿಗದಿದ್ದರೆ? ಅಮೆರಿಕದಲ್ಲಿ ಒಂದು ಕಂಪನಿಯ ದತ್ತಾಂಶದಲ್ಲಿ, ಈ ದೇಶದ್ದು ಅಂತ ಬಿಟ್ಟು ಬೇರೇನೂ ಗೊತ್ತಿಲ್ಲದ ಇಂಟರ್ನೆಟ್ ವಿಳಾಸಗಳನ್ನೆಲ್ಲ (ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳನ್ನೆಲ್ಲ) ದೇಶದ ಮಧ್ಯಭಾಗದ ಒಂದು ಬಿಂದುವಿಗೆ ಹಾಕಿದ್ದರು. ಆ ಬಿಂದು ಹೋಗಿ ಬಿದ್ದದ್ದು ಕ್ಯಾನ್ಸಸ್ ರಾಜ್ಯದ ಒಂದು ಹೊಲದ ಮನೆಯ ಬಳಿ. ಅಂಥ ವಿಳಾಸಗಳು 60 ಕೋಟಿ ಇದ್ದವು. ಕಳ್ಳತನ, ಮೋಸ, ಕಾಣೆಯಾದ ಮಕ್ಕಳು ಅಂತ ಆ ಮನೆಯ ಬಾಗಿಲಿಗೆ ವರ್ಷಾನುಗಟ್ಟಲೆ ಪೊಲೀಸರು ಬಂದರು. ಕಾರಣ ಹೊರಗೆ ಬಂದದ್ದು 2016ರಲ್ಲಿ. "ಈ ದೇಶದಲ್ಲಿ ಎಲ್ಲೋ" ಅನ್ನುವ ಉತ್ತರವನ್ನು ಚುಕ್ಕಿಯಾಗಿ ಬರೆದಾಗ, ಅದು ಓದುವವರಿಗೆ "ಇದೇ ಮನೆ" ಅಂತ ಕೇಳಿಸಿತು. ಗೆರೆಗೆ ಇರುವ ಹಾಗೆಯೇ ಚುಕ್ಕಿಗೂ ದಪ್ಪ ಇರುತ್ತದೆ, ಈ ಚುಕ್ಕಿಯದ್ದು ಸಾವಿರಾರು ಕಿಲೋಮೀಟರ್ ಇತ್ತು.

ಪ್ರವಾಹದ ಗೆರೆ

ಗೆರೆಯ ದಪ್ಪದಿಂದ ಜನರ ಬದುಕಿಗೆ ನೇರವಾಗಿ ಪೆಟ್ಟು ಬೀಳುವುದು ಪ್ರವಾಹದ ನಕ್ಷೆಗಳಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಅಮೆರಿಕದಲ್ಲಿ 1968ರಿಂದ ರಾಷ್ಟ್ರೀಯ ಪ್ರವಾಹ ವಿಮಾ ಯೋಜನೆ ಇದೆ. ಅದಕ್ಕಾಗಿ ಫೆಮಾ ಎಂಬ ವಿಪತ್ತು ನಿರ್ವಹಣಾ ಸಂಸ್ಥೆ ನಕ್ಷೆಗಳನ್ನು ಮಾಡುತ್ತದೆ. ಯಾವುದೇ ಒಂದು ವರ್ಷದಲ್ಲಿ ಪ್ರವಾಹ ಬರುವ ಸಾಧ್ಯತೆ 1% ಅಥವಾ ಅದಕ್ಕಿಂತ ಜಾಸ್ತಿ ಇರುವ ಜಾಗವನ್ನು ಗೆರೆ ಎಳೆದು ತೋರಿಸುತ್ತಾರೆ. ಗೆರೆಯ ಒಳಗೆ ಮನೆ ಇದ್ದು, ಸರ್ಕಾರದ ಬೆಂಬಲ ಇರುವ ಗೃಹಸಾಲ ತೆಗೆದುಕೊಂಡಿದ್ದರೆ ಪ್ರವಾಹ ವಿಮೆ ಕಡ್ಡಾಯ. ಹೊರಗಿದ್ದರೆ ಕಡ್ಡಾಯ ಇಲ್ಲ.

ಇದಕ್ಕೆ "ನೂರು ವರ್ಷದ ಪ್ರವಾಹ" ಅಂತ ಹೆಸರು. ಈ ಹೆಸರೇ ದಾರಿ ತಪ್ಪಿಸುತ್ತದೆ. ನೂರು ವರ್ಷಕ್ಕೊಮ್ಮೆ ಬರುತ್ತದೆ, ಹೋದ ವರ್ಷ ಬಂದಿದೆ, ಇನ್ನು ನಮ್ಮ ಕಾಲಕ್ಕಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. ಪ್ರತಿ ವರ್ಷವೂ ಅದೇ 1%. 30 ವರ್ಷದ ಗೃಹಸಾಲದ ಅವಧಿಯಲ್ಲಿ ಒಮ್ಮೆಯಾದರೂ ಅಂಥ ಪ್ರವಾಹ ಬರುವ ಸಾಧ್ಯತೆ ಸುಮಾರು 26%. ನಾಲ್ಕು ಮನೆಗಳಲ್ಲಿ ಒಂದು ಅಂತ ಹೇಳಿದ್ದರೆ ಜನ ಬೇರೆ ರೀತಿ ಯೋಚಿಸುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ.

ಗೆರೆ ಎಲ್ಲಿ ಬೀಳುತ್ತದೆ ಅನ್ನುವುದು ನೆಲದ ಎತ್ತರದ ಮೇಲೆ ನಿಂತಿದೆ. ನೆಲ ಚಪ್ಪಟೆಯಾಗಿದ್ದಷ್ಟೂ ಕಷ್ಟ ಜಾಸ್ತಿ. 500 ಮೀಟರ್ ಹೋದರೆ ಒಂದು ಮೀಟರ್ ಏರುವ ಬಯಲು ಇದೆ ಅಂದುಕೊಳ್ಳಿ. ಎತ್ತರದ ಅಳತೆಯಲ್ಲಿ ಅರ್ಧ ಮೀಟರ್ ತಪ್ಪಾದರೆ ಗೆರೆ 250 ಮೀಟರ್ ಸರಿಯುತ್ತದೆ. ಅಂದರೆ ಒಂದಿಡೀ ಬೀದಿ ಒಳಗಿನಿಂದ ಹೊರಗೆ ಬರುತ್ತದೆ, ಅಥವಾ ಹೊರಗಿನಿಂದ ಒಳಗೆ ಹೋಗುತ್ತದೆ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಎತ್ತರ ಅಳೆಯುವ ಲೈಡಾರ್ ಬಂದ ಮೇಲೆ ಈ ತಪ್ಪು ತುಂಬಾ ಕಡಿಮೆಯಾಗಿದೆ. ಚೆನ್ನಾಗಿ ಮಾಡಿದರೆ ತಪ್ಪು ಹತ್ತಿಪ್ಪತ್ತು ಸೆಂಟಿಮೀಟರಿನೊಳಗೆ ಇರುತ್ತದೆ. ಆದರೆ ಎತ್ತರ ಸರಿಯಾದ ಮಾತ್ರಕ್ಕೆ ನಕ್ಷೆ ಸರಿಯಾಗುವುದಿಲ್ಲ. ಎಷ್ಟು ಮಳೆ ಬರುತ್ತದೆ ಅನ್ನುವ ಅಂದಾಜು ಹಳೆಯದಾಗಿರಬಹುದು. ಸರ್ವೆ ಆದ ಮೇಲೆ ನದಿಯ ಮೇಲ್ಭಾಗದಲ್ಲಿ ಗದ್ದೆಗಳೆಲ್ಲ ಕಾಂಕ್ರೀಟ್ ಆಗಿ, ಇಂಗುತ್ತಿದ್ದ ನೀರೆಲ್ಲ ಹರಿದು ಕೆಳಗೆ ಬರುತ್ತಿರಬಹುದು.

2017ರ ಆಗಸ್ಟಿನಲ್ಲಿ ಹಾರ್ವೆ ಚಂಡಮಾರುತ ಹ್ಯೂಸ್ಟನ್ ನಗರದ ಮೇಲೆ ದಿನಗಟ್ಟಲೆ ಮಳೆ ಸುರಿಸಿತು. ಆ ನಗರ ಇರುವ ಹ್ಯಾರಿಸ್ ಕೌಂಟಿಯಲ್ಲಿ ಒಂದೂವರೆ ಲಕ್ಷ ಮನೆಗಳಿಗೆ ನೀರು ನುಗ್ಗಿತು. ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮನೆಗಳು 1% ಗೆರೆಯ ಹೊರಗಿದ್ದವು. ಅಂಥಾ ಮಳೆಗೆ ಯಾವ ಗೆರೆಯೂ ನಿಲ್ಲುವುದಿಲ್ಲ, ಅದನ್ನು ಒಪ್ಪೋಣ. ನನ್ನನ್ನು ಕಾಡುವುದು ಬೇರೆ ವಿಷಯ. ಗೆರೆಯ ಹೊರಗಿದ್ದ ಜನರಿಗೆ ಆ ಗೆರೆ ಹೇಳಿದ್ದು "ನೀವು ಸುರಕ್ಷಿತ" ಅಂತ. ಅಪಾಯ ನದಿಯಿಂದ ದೂರ ಹೋದಂತೆ ನಿಧಾನವಾಗಿ ಕಡಿಮೆಯಾಗುತ್ತದೆ, ಒಂದು ಕಡೆ ಕತ್ತರಿಸಿದ ಹಾಗೆ ನಿಲ್ಲುವುದಿಲ್ಲ. ವಿಮೆಯ ಕಾನೂನಿಗೆ ಹೌದು ಇಲ್ಲ ಅನ್ನುವ ಉತ್ತರ ಬೇಕಿತ್ತು, ಅದಕ್ಕೆ ಗೆರೆ ಬಂತು. ಆ ಗೆರೆಯನ್ನೇ ಮನೆ ಕೊಳ್ಳುವವರು ಅಪಾಯದ ಗಡಿ ಅಂತ ಓದಿದರು.

ಇದೇ ವ್ಯವಸ್ಥೆಯಲ್ಲಿ ಒಂದು ಒಳ್ಳೆಯ ಅಂಶವೂ ಇದೆ, ಅದನ್ನು ಹೇಳಲೇಬೇಕು. ಮನೆಯ ಮಾಲೀಕರು ಸರ್ವೆಯರ್ ಕರೆಸಿ, ತಮ್ಮ ನೆಲ ಪ್ರವಾಹದ ಮಟ್ಟಕ್ಕಿಂತ ಎತ್ತರದಲ್ಲಿದೆ ಅಂತ ಅಳೆದು ತೋರಿಸಿದರೆ, ನಕ್ಷೆ ತಪ್ಪು ಅಂತ ಫೆಮಾ ಪತ್ರ ಕೊಡುತ್ತದೆ. ಅಂದರೆ ಗೆರೆಯನ್ನು ಪ್ರಶ್ನಿಸಲು ಒಂದು ಬಾಗಿಲು ಇದೆ. ಆದರೆ ಸರ್ವೆಯ ಖರ್ಚು ಭರಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಜೊತೆಗೆ ಗೆರೆಯ ಹೊರಗಿದ್ದು ಒಳಗಿರಬೇಕಾದವರಿಗೆ ಆ ಬಾಗಿಲು ತಟ್ಟಲು ಕಾರಣವೇ ಇಲ್ಲ. ಹಾಗಾಗಿ ತಿದ್ದುಪಡಿ ಜಾಸ್ತಿ ಒಂದೇ ದಿಕ್ಕಿನಲ್ಲಿ ಆಗುತ್ತದೆ.

ಅಳತೆಯೇ ಸರಿದರೆ

ಜಮೀನಿನ ಗಡಿಯನ್ನು ಅಕ್ಷಾಂಶ ರೇಖಾಂಶದಲ್ಲಿ ಬರೆದಿಟ್ಟರೆ ಜಗಳವೇ ಮುಗಿಯಿತು ಅಂತ ಹಲವರು ನಂಬಿದ್ದಾರೆ. ಆದರೆ ಅಕ್ಷಾಂಶ ರೇಖಾಂಶ ಅನ್ನುವುದೂ ಒಂದು ಆಧಾರದ ಮೇಲೆ ನಿಂತ ಅಂಕಿ. ಭೂಮಿಯ ಆಕಾರ ಹೀಗಿದೆ, ಅಳತೆ ಇಲ್ಲಿಂದ ಶುರು ಅಂತ ಒಂದು ಒಪ್ಪಂದ ಬೇಕು. ಅದಕ್ಕೆ ಡೇಟಮ್ ಅನ್ನುತ್ತಾರೆ. ಜಪಾನ್ 2002ರಲ್ಲಿ ತನ್ನ ಹಳೆಯ ಡೇಟಮ್ ಬಿಟ್ಟು ಜಗತ್ತಿಗೆಲ್ಲ ಹೊಂದುವ ಡೇಟಮ್‌ಗೆ ಬದಲಾಯಿತು. ಅದೇ ಹಳೆಯ ಅಂಕಿಗಳನ್ನು ಹೊಸ ನಕ್ಷೆಯಲ್ಲಿ ಇಟ್ಟರೆ ಟೋಕಿಯೋದ ಹತ್ತಿರ ಜಾಗ ಸುಮಾರು 450 ಮೀಟರ್ ಸರಿದಿರುತ್ತದೆ. ನೆಲ ಅಲ್ಲಾಡಿಲ್ಲ, ಬದಲಾದದ್ದು ಅಳತೆಯ ಆಧಾರ ಅಷ್ಟೇ.

ಆಸ್ಟ್ರೇಲಿಯಾದಲ್ಲಿ ನೆಲವೇ ಸರಿಯುತ್ತಿದೆ. ಆ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಈಶಾನ್ಯಕ್ಕೆ ಹೋಗುತ್ತಿದೆ. 1994ರ ಆಧಾರಕ್ಕೂ 2020ರ ಆಧಾರಕ್ಕೂ ನಡುವೆ ಸುಮಾರು 1.8 ಮೀಟರ್ ವ್ಯತ್ಯಾಸ ಬಂದು, ಅಲ್ಲಿನ ಸರ್ಕಾರ ನಕ್ಷೆಗಳನ್ನೆಲ್ಲ ಹೊಸ ಆಧಾರಕ್ಕೆ ತಂದಿತು. ಹಿಂದೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಟ್ರ್ಯಾಕ್ಟರುಗಳೇ ಉಪಗ್ರಹದ ಸಂಕೇತ ಹಿಡಿದು ಸಾಲು ಬಿಡದೆ ಉಳುತ್ತವೆ, ಅವಕ್ಕೆ 1.8 ಮೀಟರ್ ಅಂದರೆ ಹಲವು ಸಾಲುಗಳ ಅಂತರ. ಒಂದು ಇಲಾಖೆ ಹಳೆಯ ಆಧಾರದಲ್ಲಿ, ಇನ್ನೊಂದು ಹೊಸ ಆಧಾರದಲ್ಲಿ ಪದರ ಕೊಟ್ಟರೆ, ಪೈಪು ಇರುವ ಜಾಗ ಒಂದು, ನಕ್ಷೆ ತೋರಿಸುವ ಜಾಗ ಇನ್ನೊಂದು ಆಗುತ್ತದೆ.

ಪದರದ ವಯಸ್ಸು ಮರೆತರೆ ಇದಕ್ಕಿಂತ ಘೋರವೂ ಆಗುತ್ತದೆ. 1999ರ ಮೇ 7ರಂದು ಬೆಲ್‌ಗ್ರೇಡಿನಲ್ಲಿದ್ದ ಚೀನಾ ರಾಯಭಾರ ಕಚೇರಿಯ ಮೇಲೆ ಅಮೆರಿಕದ ಬಾಂಬುಗಳು ಬಿದ್ದು ಮೂವರು ಪತ್ರಕರ್ತರು ಸತ್ತರು. ಗುರಿಯ ಜಾಗವನ್ನು ತಪ್ಪಾಗಿ ಲೆಕ್ಕ ಹಾಕಿದೆವು, ರಾಯಭಾರ ಕಚೇರಿ ಹೊಸ ಕಟ್ಟಡಕ್ಕೆ ಹೋಗಿದ್ದು ನಮ್ಮ ನಕ್ಷೆಗಳಲ್ಲಿ ಇರಲಿಲ್ಲ ಅಂತ ಅಮೆರಿಕ ವಿವರಣೆ ಕೊಟ್ಟಿತು. ಚೀನಾ ಅದನ್ನು ಒಪ್ಪಲಿಲ್ಲ.

ಆಕಾಶದಿಂದ ನೋಡುವ ಕಣ್ಣು

ಉಪಗ್ರಹಗಳು ವಯಸ್ಸಿನ ಸಮಸ್ಯೆಯನ್ನು ದೊಡ್ಡ ಮಟ್ಟಿಗೆ ಕಡಿಮೆ ಮಾಡಿವೆ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಹಾರಿದ್ದು 1972ರಲ್ಲಿ. 2008ರಲ್ಲಿ ಅದರ ಚಿತ್ರಗಳನ್ನೆಲ್ಲ ಉಚಿತವಾಗಿ ಬಿಟ್ಟರು. ಈ ಒಂದು ತೀರ್ಮಾನ ಎಷ್ಟು ದೇಶಗಳ ಅರಣ್ಯ ಇಲಾಖೆಗಳಿಗೆ, ಕೃಷಿ ಇಲಾಖೆಗಳಿಗೆ ಕಣ್ಣು ಕೊಟ್ಟಿತು ಅಂತ ನೆನೆದರೆ ಸಂತೋಷವಾಗುತ್ತದೆ.

ಬ್ರೆಜಿಲ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿದ ದೇಶ ಅನ್ನಬಹುದು. ಅಲ್ಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ ಇನ್ಪೆ 1988ರಿಂದ ಅಮೆಜಾನ್ ಕಾಡಿನ ನಾಶವನ್ನು ವರ್ಷಕ್ಕೊಮ್ಮೆ ಅಳೆಯುತ್ತಿದೆ. ಆದರೆ ವರ್ಷದ ಕೊನೆಗೆ ಬರುವ ಲೆಕ್ಕ ಮರ ಕಡಿದಾದ ಮೇಲಿನ ಮಾತು. ಅದಕ್ಕೇ 2004ರಲ್ಲಿ ಡೆಟೆರ್ ಎಂಬ ಎಚ್ಚರಿಕೆ ವ್ಯವಸ್ಥೆ ತಂದರು. ಅದರ ಚಿತ್ರ ಅಷ್ಟು ಸ್ಪಷ್ಟ ಇರಲಿಲ್ಲ, ಆದರೆ ಬೇಗ ಸಿಗುತ್ತಿತ್ತು. ಎಲ್ಲಿ ಕಡಿಯುತ್ತಿದ್ದಾರೆ ಅಂತ ತಿಳಿದು ಅಧಿಕಾರಿಗಳು ಆ ಜಾಗಕ್ಕೇ ಹೋದರು. 2004ರಲ್ಲಿ ಸುಮಾರು 27,800 ಚದರ ಕಿಲೋಮೀಟರ್ ಇದ್ದ ನಾಶ 2012ರಲ್ಲಿ ಸುಮಾರು 4,600ಕ್ಕೆ ಇಳಿಯಿತು. ಕಾನೂನು, ಸಾಲದ ಮೇಲಿನ ನಿಯಮ, ಮಾರುಕಟ್ಟೆ ಎಲ್ಲವೂ ಅದರಲ್ಲಿ ಸೇರಿವೆ. ನಕ್ಷೆ ಒಂದೇ ಮಾಡಿದ ಕೆಲಸ ಅಲ್ಲ, ಆದರೆ ನಕ್ಷೆ ಇಲ್ಲದೆ ಆಗುತ್ತಿದ್ದ ಕೆಲಸವೂ ಅಲ್ಲ.

ಇಲ್ಲೂ ದಪ್ಪದ ಪ್ರಶ್ನೆ ಇದೆ. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚೌಕ ನೆಲದ ಮೇಲೆ 30 ಮೀಟರ್. ಇನ್ಪೆಯ ವಾರ್ಷಿಕ ಲೆಕ್ಕ 6.25 ಹೆಕ್ಟೇರಿಗಿಂತ ದೊಡ್ಡದಾಗಿ ಬೋಳಾದ ಜಾಗಗಳದ್ದು. ಅದಕ್ಕಿಂತ ಚಿಕ್ಕ ತುಂಡುಗಳು ಆ ಅಂಕಿಯಲ್ಲಿ ಇರುವುದಿಲ್ಲ. ಸಂಸ್ಥೆ ಇದನ್ನು ಮುಚ್ಚಿಟ್ಟಿಲ್ಲ, ಬಹಿರಂಗವಾಗಿಯೇ ಹೇಳುತ್ತದೆ. ವಿಧಾನ, ಮಿತಿ, ನಕ್ಷೆ ಎಲ್ಲ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಅದರ ಬೆಲೆ ಗೊತ್ತಾದದ್ದು 2019ರಲ್ಲಿ. ಎಚ್ಚರಿಕೆಗಳು ಏರುತ್ತಿವೆ ಅಂತ ಸಂಸ್ಥೆ ಹೇಳಿದಾಗ ದೇಶದ ಅಧ್ಯಕ್ಷರೇ ಆ ಅಂಕಿಗಳು ಸುಳ್ಳು ಅಂದರು. ಆಗಸ್ಟಿನಲ್ಲಿ ನಿರ್ದೇಶಕರನ್ನು ಹುದ್ದೆಯಿಂದ ತೆಗೆದರು. ಆದರೆ ಚಿತ್ರಗಳೂ ವಿಧಾನವೂ ಆಗಲೇ ಜನರ ಕೈಯಲ್ಲಿದ್ದವು. ಆ ವರ್ಷದ ಅಧಿಕೃತ ಲೆಕ್ಕ ಬಂದಾಗ ನಾಶ 10,000 ಚದರ ಕಿಲೋಮೀಟರ್ ದಾಟಿತ್ತು.

ನಕ್ಷೆ ತಯಾರಿಸುವ ಕೆಲಸ ಸರ್ಕಾರದ ಹೊರಗೂ ನಡೆಯುತ್ತದೆ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್ ಒ ಪ್ರಿನ್ಸ್‌ನ ಒಳ್ಳೆಯ ರಸ್ತೆ ನಕ್ಷೆ ಇಂಟರ್ನೆಟ್ಟಿನಲ್ಲಿ ಇರಲಿಲ್ಲ. ಯಾರು ಬೇಕಾದರೂ ಸೇರಿ ಬರೆಯಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ನಕ್ಷೆಯ ಸ್ವಯಂಸೇವಕರು ಬೇರೆ ಬೇರೆ ದೇಶಗಳಲ್ಲಿ ಕೂತು ಉಪಗ್ರಹ ಚಿತ್ರ ನೋಡಿ ಬೀದಿಗಳನ್ನೂ ಬಿದ್ದ ಕಟ್ಟಡಗಳನ್ನೂ ಕೆಲವೇ ದಿನಗಳಲ್ಲಿ ಬರೆದರು. ರಕ್ಷಣಾ ತಂಡಗಳು ಅದನ್ನು ಬಳಸಿದವು.

ಗೆರೆ ಎಳೆಯುವವರು ಯಾರು

ಇಲ್ಲಿಯವರೆಗೆ ಹೇಳಿದ್ದೆಲ್ಲ ಅಳತೆಯ ತಪ್ಪು. ಅಳತೆ ಸರಿ ಇದ್ದೂ ಅನ್ಯಾಯ ಮಾಡುವ ಗೆರೆಗಳಿವೆ. 1930ರ ದಶಕದಲ್ಲಿ ಅಮೆರಿಕದ ಒಂದು ಸರ್ಕಾರಿ ಗೃಹಸಾಲ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ಬಡಾವಣೆಗಳಿಗೆ ನಾಲ್ಕು ದರ್ಜೆ ಕೊಟ್ಟು ಬಣ್ಣ ಹಚ್ಚಿತು. ಸಾಲ ಕೊಡಲು ಅಪಾಯ ಅಂತ ಕೆಂಪು ಬಳಿದ ಜಾಗಗಳಲ್ಲಿ ಕಪ್ಪು ಜನರ ಬಡಾವಣೆಗಳು ಹೆಚ್ಚುಕಡಿಮೆ ಎಲ್ಲವೂ ಸೇರಿದ್ದವು. ಮನೆಯ ವಿಷಯದಲ್ಲಿ ಇಂಥ ಭೇದ ಮಾಡಬಾರದು ಅಂತ ಕಾನೂನು ಬಂದದ್ದು 1968ರಲ್ಲಿ. ಆ ನಕ್ಷೆಗಳನ್ನು ನೋಡಿದರೆ ಬೇಸರದ ಜೊತೆ ಭಯವೂ ಆಗುತ್ತದೆ. ಗಡಿಗಳು ಸ್ಪಷ್ಟವಾಗಿವೆ, ಬೀದಿಗಳು ಸರಿಯಾಗಿವೆ, ಕೈಬರಹ ಅಚ್ಚುಕಟ್ಟಾಗಿದೆ. ಜನರ ಬಗ್ಗೆ ಇದ್ದ ತಪ್ಪು ಅಭಿಪ್ರಾಯ ನಕ್ಷೆಯ ಮೇಲೆ ಬಂದ ಕೂಡಲೇ ನೆಲದ ಗುಣದಂತೆ ಕಾಣತೊಡಗಿತು.

ಈಗ ಬಣ್ಣ ಹಚ್ಚುವುದು ಸಾಫ್ಟ್‌ವೇರ್. ಹಳೆಯ ಅಪರಾಧಗಳ ಪಟ್ಟಿಯಿಂದ ಮುಂದೆ ಎಲ್ಲಿ ಅಪರಾಧ ಆಗಬಹುದು ಅಂತ ತೋರಿಸುವ ನಕ್ಷೆಗಳನ್ನು ಕೆಲವು ಪೊಲೀಸ್ ಇಲಾಖೆಗಳು ಬಳಸಿವೆ. ಪೊಲೀಸರು ಜಾಸ್ತಿ ಸುತ್ತಿದ ಕಡೆ ಜಾಸ್ತಿ ಕೇಸು ದಾಖಲಾಗುತ್ತವೆ. ನಕ್ಷೆ ಮತ್ತೆ ಅವರನ್ನು ಅಲ್ಲಿಗೇ ಕಳಿಸುತ್ತದೆ.

ಹಾಗಾದರೆ ಸರ್ಕಾರದ ನಕ್ಷೆಯನ್ನು ನಂಬಬೇಕೋ ಬೇಡವೋ? ಈ ಪ್ರಶ್ನೆಗಿಂತ, ಈ ಪದರ ಯಾವ ವರ್ಷದ್ದು, ಯಾವ ಸ್ಕೇಲಿನದ್ದು, ತಪ್ಪಿದ್ದರೆ ಯಾರಿಗೆ ಹೇಳಬೇಕು ಅಂತ ಕೇಳುವುದು ಹೆಚ್ಚು ಉಪಯೋಗ. ನಕ್ಷೆ ಮಾಡುವವರು ಈ ಮಾಹಿತಿಗೆ ಮೆಟಾಡೇಟಾ ಅನ್ನುತ್ತಾರೆ. ಅದು ಸಾಮಾನ್ಯವಾಗಿ ಕಡತದಲ್ಲೇ ಇರುತ್ತದೆ, ಜನ ನೋಡುವ ಪರದೆಗೆ ಬರುವುದಿಲ್ಲ. ಪರದೆಗೆ ತರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. 1:50,000ರಿಂದ ಬಂದ ಗೆರೆಯನ್ನು ಯಾರಾದರೂ ಮನೆಯ ಮಟ್ಟಕ್ಕೆ ಜೂಮ್ ಮಾಡಿದರೆ, ಆ ಗೆರೆ 25 ಮೀಟರ್ ಅಗಲದ ಪಟ್ಟಿಯಾಗಿ ಹರಡಿಕೊಳ್ಳಲಿ. ಹಾಗೆ ತೋರಿಸುವುದು ಇವತ್ತಿನ ಯಾವ ಸಾಫ್ಟ್‌ವೇರಿಗೂ ಕಷ್ಟವಲ್ಲ.

ತಿದ್ದುವ ವಿಷಯದಲ್ಲಿ ನೆದರ್‌ಲ್ಯಾಂಡ್ಸ್ ಮಾಡಿರುವ ವ್ಯವಸ್ಥೆ ನನಗೆ ತುಂಬಾ ಹಿಡಿಸಿದೆ. ಅಲ್ಲಿ ದೇಶದ ಎಲ್ಲ ವಿಳಾಸ ಮತ್ತು ಕಟ್ಟಡಗಳಿಗೆ ಒಂದೇ ಮೂಲ ದಾಖಲೆ ಇದೆ. ಪ್ರತಿ ಕಟ್ಟಡದ ಆಕಾರ, ಕಟ್ಟಿದ ವರ್ಷ, ಬಳಕೆ ಎಲ್ಲ ಅದರಲ್ಲಿವೆ. ಆಯಾ ಊರಿನ ಆಡಳಿತವೇ ಅದನ್ನು ನೋಡಿಕೊಳ್ಳುತ್ತದೆ, ಯಾರು ಬೇಕಾದರೂ ಉಚಿತವಾಗಿ ನೋಡಬಹುದು. 2011ರಿಂದ ಸರ್ಕಾರಿ ಕಚೇರಿಗಳು ಈ ದಾಖಲೆಯನ್ನೇ ಬಳಸುವುದು ಕಡ್ಡಾಯ, ತಮ್ಮದೇ ಬೇರೆ ಪಟ್ಟಿ ಇಟ್ಟುಕೊಳ್ಳುವಂತಿಲ್ಲ. ಇದರ ಜೊತೆಗೇ ಇನ್ನೊಂದು ನಿಯಮ ಇಟ್ಟಿದ್ದಾರೆ. ದಾಖಲೆ ತಪ್ಪಿರಬಹುದು ಅಂತ ಬಳಸುವ ಕಚೇರಿಗೆ ಅನುಮಾನ ಬಂದರೆ, ಅದನ್ನು ಮೂಲ ದಾಖಲೆ ಇಟ್ಟವರಿಗೆ ತಿಳಿಸಲೇಬೇಕು. ಸುಮ್ನೆ ತಮ್ಮ ಕಡತದಲ್ಲಿ ತಿದ್ದಿಕೊಂಡು ಕೂರುವಂತಿಲ್ಲ. ಸಾಮಾನ್ಯ ಜನರೂ ತಪ್ಪು ತಿಳಿಸಬಹುದು. ಹಾಗೆ ಅನುಮಾನ ಬಂದ ವಿವರವನ್ನು ಪರಿಶೀಲಿಸುತ್ತಿರುವಾಗ, ಆ ಕಟ್ಟಡದ ದಾಖಲೆಯ ಮೇಲೆಯೇ "ತನಿಖೆಯಲ್ಲಿದೆ" ಎಂಬ ಗುರುತು ಹಾಕುತ್ತಾರೆ. ಅಷ್ಟು ದಿನ ಅದನ್ನು ತೆರೆದು ನೋಡುವ ಪ್ರತಿ ಕಚೇರಿಗೂ ಆ ಗುರುತು ಕಾಣುತ್ತದೆ.